ಕಡಿತದ ಪುಸ್ತಕ

ಪ್ರಾಣಿಗಳ ಆಂಬುಲೆನ್ಸಿಗೆ ಸೈರನ್ ಇರುವುದಿಲ್ಲ. ಮನುಷ್ಯರ ಆಂಬುಲೆನ್ಸ್ ಬೇಕಾದರೆ ಬೀದಿಗೆಲ್ಲ ಕೇಳುವಂತೆ ಬೊಬ್ಬೆ ಹೊಡೆದುಕೊಂಡು ಹೋಗಲಿ, ಒಳಗೆ ಮಲಗಿದವರಿಗೆ ಅದರಿಂದ ಧೈರ್ಯವಾದರೂ ಬರುತ್ತದೆ. ಒಂದು ಕಾಲು ಮುರಿದ ನಾಯಿಗೆ ಆ ಸದ್ದು ಕೇಳಿಸಿದರೆ ಉಳಿದ ಮೂರು ಕಾಲಲ್ಲೇ ಕಿಟಕಿಯಿಂದ ಹಾರಲು ನೋಡುತ್ತದೆ. ಹಾಗಾಗಿ ಆ ಬಿಳಿ ವ್ಯಾನು ಸದ್ದಿಲ್ಲದೆ ಬಂದು ಸದ್ದಿಲ್ಲದೆ ಹೋಗುತ್ತಿತ್ತು. ಸದ್ದು ಮಾಡುವ ಹೊಣೆಯನ್ನು ಅದರ ಡ್ರೈವರ್ ಹೊತ್ತುಕೊಂಡಿದ್ದ. ಕೀಲಿ ತಿರುಗಿಸಿದಾಗ ತೆರೆದ ಬಾಯನ್ನು ಅವನು ಸಂಜೆ ಕೀಲಿ ತೆಗೆದಾಗಲೇ ಮುಚ್ಚುತ್ತಿದ್ದದ್ದು. ಆಸ್ಪತ್ರೆಯವರೆಲ್ಲ ಅವನನ್ನು ಸೈರನ್ ಎಂದೇ ಕರೆಯುತ್ತಿದ್ದರು.

ಸೈರನ್ನಿನ ಅಕ್ಕ ಅದೇ ವ್ಯಾನಿನ ಹಿಂಬದಿಯಲ್ಲಿ ಕೂರುತ್ತಿದ್ದಳು. ಪೆಟ್ಟಾದ ಪ್ರಾಣಿ ಬಿದ್ದ ಜಾಗಕ್ಕೇ ಹೋಗಿ ರಕ್ತ ನಿಲ್ಲಿಸುವುದು, ಮೂಳೆಗೆ ಪಟ್ಟಿ ಕಟ್ಟುವುದು, ಉಸಿರು ಸಿಕ್ಕಿಕೊಂಡಿದ್ದರೆ ಆಕ್ಸಿಜನ್ ಹಿಡಿಯುವುದು, ಡ್ರಿಪ್ ಹಾಕಿ ಜೀವ ಕೈಯಲ್ಲಿಟ್ಟುಕೊಂಡು ಡಾಕ್ಟರ ಮೇಜಿನ ತನಕ ತಲುಪಿಸುವುದು ಅವಳ ಕೆಲಸ. ಬೆಕ್ಕಿನ ಮರಿಯ ದಾರದಂಥ ನರಕ್ಕೂ ಒಂದೇ ಏಟಿಗೆ ಸೂಜಿ ಇಳಿಸುತ್ತಿದ್ದಳಾದ್ದರಿಂದ ಅವಳು ಸೂಜಕ್ಕ. ಸ್ವಂತ ಹೆಸರು ಹಾಜರಿ ಪುಸ್ತಕದಲ್ಲಿ ಸುಮ್ಮನೆ ಬಿದ್ದಿತ್ತು.

ಅಮ್ಮ ಹೋದಾಗ ಇವಳಿಗೆ ಹದಿನಾಲ್ಕು, ತಮ್ಮನಿಗೆ ಆರು. ಪ್ರಾಣಿಗಳ ಆಸ್ಪತ್ರೆಯಲ್ಲಿ ನೆಲ ತೊಳೆಯಲು ಸೇರಿದವಳು ತಮ್ಮನನ್ನು ಖಾಲಿ ಪಂಜರದಲ್ಲಿ ಕೂರಿಸಿ ಕೆಲಸ ಮಾಡುತ್ತಿದ್ದಳು. ಪಕ್ಕದ ಪಂಜರದ ನಾಯಿಗಳ ಜೊತೆ ಮಾತಾಡಿ ಮಾತಾಡಿಯೇ ಅವನಿಗೆ ಆ ಬಾಯಿ ಬಂದದ್ದು. ಆಗ ಅಲ್ಲಿದ್ದ ಮುದಿ ಕಂಪೌಂಡರ್, ನೆಲ ಒರೆಸುವ ಹುಡುಗಿ ತಾವು ಗಾಯ ಕಟ್ಟುವುದನ್ನೇ ನೋಡುತ್ತಿರುವುದನ್ನು ಕಂಡು ಒಂದು ದಿನ ಪೊರಕೆ ಕಿತ್ತುಕೊಂಡು ಕೈಗೆ ಪಟ್ಟಿ ಕೊಟ್ಟರು. ಅವರು ಹೇಳಿಕೊಟ್ಟದ್ದೇ ಅವಳ ವಿದ್ಯೆ. ಆಮೇಲೆ ತರಬೇತಿ, ಸರ್ಟಿಫಿಕೇಟು ಎಲ್ಲ ಬಂತು ಅನ್ನಿ. ತಮ್ಮನಿಗೆ ಲೈಸೆನ್ಸ್ ಮಾಡಿಸಿ ಅದೇ ವ್ಯಾನಿಗೆ ಹಾಕಿಸಿದಳು, ಅವನಿಗೆ ಮದುವೆ ಮಾಡಿದಳು, ತಾನು ಅವನ ಮನೆಯ ಮಹಡಿಯ ಒಂದು ಕೋಣೆಯಲ್ಲಿ ಉಳಿದಳು. 'ನನ್ನ ಮದುವೆ ಯಾಕೆ ಆಗಲಿಲ್ಲ' ಎಂದು ಅವಳು ಯಾವತ್ತೂ ತಲೆ ಕೆಡಿಸಿಕೊಂಡವಳಲ್ಲ. ತಲೆ ಕೆಡಿಸಿಕೊಳ್ಳಲು ಅವಳಿಗೆ ಇದ್ದದ್ದು ಆ ಬಾಯಿಬಡುಕ ಒಬ್ಬನೇ.

ಇಬ್ಬರದೂ ಒಂದು ಪದ್ಧತಿಯಿತ್ತು. ಪ್ರಾಣಿ ನಾಯಿಯಿರಲಿ, ಆಡಿರಲಿ, ತಮ್ಮ ನೆಲಕ್ಕೆ ಮಂಡಿಯೂರಿ ಅದರ ತಲೆಯನ್ನು ತನ್ನ ಬಲಗೈಯ ಕೆಳಗೆ ಅವುಚಿಕೊಳ್ಳುವನು. ಮೂತಿ ಅವನ ಪಕ್ಕೆಗೆ ಒತ್ತಿಕೊಳ್ಳಬೇಕು, ಕಣ್ಣಿಗೆ ಏನೂ ಕಾಣಬಾರದು. ಆಮೇಲೆ ಅದರ ಕಿವಿಗೆ ತನ್ನ ಪುರಾಣ ಊದಲು ಶುರುಮಾಡುವನು. ಅಷ್ಟರಲ್ಲಿ ಅಕ್ಕ ಹಿಂದಿನಿಂದ ಕೆಲಸ ಮುಗಿಸುವಳು. ಡ್ರೈವರ್ ಆದವನು ಪ್ರಾಣಿಯನ್ನು ಮುಟ್ಟಕೂಡದು ಎಂದು ಆಸ್ಪತ್ರೆಯ ನಿಯಮವೇ ಇತ್ತು. ನಿಯಮ ಬರೆದ ಪುಣ್ಯಾತ್ಮರು ಒಂಟಿಯಾಗಿ ಒಂದು ನಾಯಿಗಾದರೂ ಡ್ರಿಪ್ ಹಾಕಿ ನೋಡಿದ್ದರೋ ಇಲ್ಲವೋ ನಾ ಕಾಣೆ.

ಎಷ್ಟೇ ಅವುಚಿಕೊಂಡರೂ ಕಡಿತ ತಪ್ಪುತ್ತಿರಲಿಲ್ಲ. ನೋವಿಗೆ ಒದ್ದಾಡುವ ಪ್ರಾಣಿ ಕೊಸರಿಕೊಂಡು ತಿರುಗಿ ಸೂಜಕ್ಕನ ಕೈಗೆ ಬಾಯಿ ಹಾಕುತ್ತಿತ್ತು. ಅದಕ್ಕೆಂದೇ ಆಫೀಸಿನ ಕಿಟಕಿಯಲ್ಲಿ ಒಂದು ಉದ್ದನೆಯ ಪುಸ್ತಕ ಇತ್ತು. ಎಲ್ಲರೂ ಅದಕ್ಕೆ ಕಡಿತದ ಪುಸ್ತಕ ಅನ್ನುತ್ತಿದ್ದರು. ಚಿಕಿತ್ಸೆ ಮಾಡುವ ಒಬ್ಬೊಬ್ಬರಿಗೂ ಬೇರೆ ಬೇರೆ ಪುಟಗಳು: ತಾರೀಖು, ಕಚ್ಚಿದ್ದು ಯಾವುದು, ಎಲ್ಲಿಗೆ, ಆಗ ಅದನ್ನು ಹಿಡಿದವರು ಯಾರು, ಇಂಜೆಕ್ಷನ್ ಆಯಿತೋ ಇಲ್ಲವೋ. ಸೂಜಕ್ಕನ ಪುಟಗಳು ಎಲ್ಲರಿಗಿಂತ ಬೇಗ ತುಂಬುತ್ತಿದ್ದವು. ತಮ್ಮನಿಗೆ ಪುಟವಿರಲಿಲ್ಲ. ಮುಟ್ಟಕೂಡದವನನ್ನು ಯಾವುದಾದರೂ ಕಚ್ಚುವುದು ಹೇಗೆ?

ಒಂದು ದಿನ ಮಧ್ಯಾಹ್ನ ಆಫೀಸಿನ ಗುಮಾಸ್ತ ಆ ಪುಸ್ತಕ ತಿರುವುತ್ತಾ ಕನ್ನಡಕದ ಮೇಲಿಂದ ನೋಡಿದ.

"ಸೂಜಕ್ಕ, ನಿಮ್ಮನ್ನ ಏನೂ ಕಚ್ಚದೆ ಎಂಟು ತಿಂಗಳಾಯ್ತಲ್ರೀ. ಬರೆಯೋದು ಮರೀತಿದೀರೋ ಹೇಗೆ?"

"ಕಚ್ಚಿದ್ರೆ ತಾನೆ ಬರೆಯೋದು?"

"ಹಾಗಿದ್ರೆ ಕೈಗುಣ ಬಂತು ಬಿಡಿ. ಮಾತೆತ್ತಿದ್ರೆ ಕಚ್ಚೋಕೆ ಬರ್ತಾರೆ ನಮ್ಮ ಮಾವ, ಅವರ ಮುಂದೆ ಒಂದಿನ ನಿಲ್ಲಿಸಬೇಕು ನಿಮ್ಮನ್ನ."

ಮಾತು ಆಸ್ಪತ್ರೆಯಲ್ಲೆಲ್ಲ ಹಬ್ಬಿತು. ನಿಜವೇ ಆಗಿತ್ತು. ಗೇಟಿನ ಕೆಳಗೆ ಸಿಕ್ಕಿಕೊಂಡು, ಬಿಡಿಸಲು ಬಂದ ಮೂವರನ್ನು ಕಚ್ಚಿದ್ದ ಕಾವಲು ನಾಯಿ ಇವರಿಬ್ಬರೂ ಮಂಡಿಯೂರುತ್ತಿದ್ದಂತೆ ತಣ್ಣಗಾಗಿತ್ತು. ಕರೆಂಟ್ ತಂತಿಯಿಂದ ಬಿದ್ದ ಕೋತಿಯೊಂದು ಅಂಗೈ ಸುಟ್ಟುಕೊಂಡಿದ್ದರೂ ಕಿಟಾರನೆ ಕಿರುಚಲಿಲ್ಲ. ತಮ್ಮನ ಪಕ್ಕೆಯಲ್ಲಿ ಮುಖ ಇಟ್ಟು ಒಂದು ಸಲ ಉದ್ದಕ್ಕೆ ಉಸಿರೆಳೆದುಕೊಂಡಿತು. ಆಮೇಲೆ ಸುಡದ ಕೈಯಿಂದ ಅವನ ಅಂಗಿಯನ್ನು ಮೆಲ್ಲಗೆ ಸವರುತ್ತಾ ಕೂತಿತು, ಕೂಸನ್ನು ಸಮಾಧಾನ ಮಾಡುವವರ ಹಾಗೆ. 'ಹೆದರಿಕೆಗೆ ಹಾಗೆ ಮಾಡುತ್ತೆ' ಎಂದು ಸೂಜಕ್ಕ ಅಂದುಕೊಂಡಳು. ಆದರೂ ಆ ಪುಟ್ಟ ಕೈ ಅಂಗಿಯ ಮೇಲೆ ಓಡಾಡಿದ ರೀತಿ ಎರಡು ದಿನ ಅವಳ ಕಣ್ಣ ಮುಂದಿನಿಂದ ಹೋಗಲಿಲ್ಲ.

ಕೈಗುಣ ಅಂದಾಗ ಯಾರಿಗೆ ಹಿಗ್ಗಾಗುವುದಿಲ್ಲ? ಸೂಜಕ್ಕನೂ ಸ್ವಲ್ಪ ಉಬ್ಬಿದಳು. ಉಬ್ಬಿದ್ದು ಹದಿನೈದು ದಿನ.

ಅವರ ಆಸ್ಪತ್ರೆಯ ಹಿಂದೆ ವಾರ್ಡು ಎಂಬ ಉದ್ದನೆಯ ಕೊಠಡಿ ಇದೆ. ಎರಡೂ ಬದಿಗೆ ಹನ್ನೆರಡು ಹನ್ನೆರಡು ಪಂಜರ, ನಡುವೆ ಸಿಮೆಂಟಿನ ದಾರಿ, ಕೊನೆಯಲ್ಲಿ ನೀರಿನ ತೊಟ್ಟಿ. ಆ ವಾರ್ಡಿನ ಬಗ್ಗೆ ಮುದಿ ಕಂಪೌಂಡರ್ ಅವಳಿಗೆ ಹೇಳಿಕೊಟ್ಟದ್ದು ಒಂದಿತ್ತು. ಹೊಸದಾಗಿ ತಂದ ಪ್ರಾಣಿ ಹೊರನೋಟಕ್ಕೆ ಚೆನ್ನಾಗಿಯೇ ಇರುತ್ತದೆ, ಡಾಕ್ಟರೂ ಭಯವಿಲ್ಲ ಅಂದಿರುತ್ತಾರೆ. ಆದರೆ ಸುತ್ತಲಿನ ನಾಯಿಗಳು ಒಂದೊಂದಾಗಿ ಗೋಡೆ ಕಡೆ ಮುಖ ಮಾಡಿ ಕೂತವೋ, ಅದರ ಹೊಟ್ಟೆಯೊಳಗೆ ಎಲ್ಲೋ ರಕ್ತ ಇಳಿಯುತ್ತಿದೆ ಎಂದೇ ತಿಳಿಯಬೇಕು. 'ಅವು ಸತ್ತ ಮೇಲೆ ಅಳಲ್ಲಮ್ಮ. ಮುಂಚೇನೇ ದಾರಿ ಬಿಟ್ಟು ಕೂರ್ತವೆ' ಎಂದಿದ್ದರು. ಇಪ್ಪತ್ತೆಂಟು ವರ್ಷದಲ್ಲಿ ಅದು ಸುಳ್ಳಾದದ್ದನ್ನು ಅವಳು ಕಂಡಿರಲಿಲ್ಲ. ಡಾಕ್ಟರ್ ಇದನ್ನು ಕೇಳಿ ಮೂಗು ಮುರಿಯುತ್ತಿದ್ದರು. ಆದರೆ ಬೆಳಿಗ್ಗೆ ಬಂದ ತಕ್ಷಣ, ಬೇರೆ ಯಾರೂ ಇಲ್ಲದಾಗ, "ಯಾರಿಗಾದ್ರೂ ಗೋಡೆ ಇದೆಯೇನಮ್ಮ?" ಎಂದು ಕೇಳದೆ ಇರುತ್ತಿರಲಿಲ್ಲ.

ಬೆಳಗಿನ ಸುತ್ತಿಗೆ ಅಕ್ಕ ತಮ್ಮ ಒಟ್ಟಿಗೇ ಹೋಗುತ್ತಿದ್ದರು. ಅವನು ನೀರಿನ ಗಾಡಿ ತಳ್ಳುವುದು, ಅವಳು ಗಾಯ ನೋಡುವುದು. ಆ ದಿನ ಎಂಟು ಗಂಟೆಯ ಬಿಸಿಲು ಮೇಲಿನ ಗವಾಕ್ಷಿಗಳಿಂದ ದಾರಿಯ ಮೇಲೆ ಬಿದ್ದಿತ್ತು. ಗಾಡಿ ಒಳಗೆ ಬಂತು. ಮೊದಲ ಪಂಜರದ ನಾಯಿ ಎದ್ದಿತು, ಮೂಗು ಅಲುಗಿಸಿತು, ನಿಧಾನವಾಗಿ ತಿರುಗಿ ಗೋಡೆಗೆ ಮುಖ ಮಾಡಿ ಕೂತಿತು. ಎರಡನೆಯದೂ ತಿರುಗಿತು. ಎದುರು ಸಾಲಿನಲ್ಲೂ ಹಾಗೆಯೇ. ಗಾಡಿಯ ಚಕ್ರ ಕಿರುಗುಟ್ಟುತ್ತಾ ಮುಂದೆ ಹೋದಂತೆಲ್ಲ ಎರಡೂ ಬದಿಯ ಬೆನ್ನುಗಳು ಸಾಲಾಗಿ ಕಾಣುತ್ತಾ ಹೋದವು. ಒಂದೂ ಬೊಗಳಲಿಲ್ಲ. ಕೊನೆಯ ಪಂಜರದಲ್ಲಿ ವರ್ಷಗಳಿಂದ ಇದ್ದ ಮೂರು ಕಾಲಿನ ಮುದಿ ನಾಯಿ, ಎಲ್ಲರೂ ಕುಂಟಜ್ಜ ಅನ್ನುತ್ತಿದ್ದದ್ದು, ಅದೂ ಏಳಲಾರದೆ ಎದ್ದು ತಿರುಗಿತು.

"ಏನ್ರಪ್ಪಾ, ಎಲ್ಲರೂ ಸೇರಿ ಮುನಿಸ್ಕೊಂಡಿದೀರಾ? ನಿನ್ನೆ ಅನ್ನ ಮುದ್ದೆಯಾಗಿತ್ತು ಅಂತಾನಾ? ಅದು ನನ್ನ ತಪ್ಪಲ್ಲ, ಅಡುಗೆಯವರನ್ನ ಕೇಳಿ," ಎಂದು ತಮ್ಮ ತೊಟ್ಟಿಗೆ ನೀರು ಸುರಿದ.

ಹೊಸದಾಗಿ ಬಂದ ಪ್ರಾಣಿ ಒಂದೂ ಇರಲಿಲ್ಲ. ಇದ್ದವೆಲ್ಲ ಗುಣವಾಗುತ್ತಿದ್ದವು. ಸೂಜಕ್ಕ ಒಂದೊಂದನ್ನೂ ಹೊರಗೆ ತೆಗೆಸಿ ಹೊಟ್ಟೆ ಒತ್ತಿ ನೋಡಿದಳು, ಒಸಡಿನ ಬಣ್ಣ ನೋಡಿದಳು. ಯಾವುದಕ್ಕೂ ಏನೂ ಇರಲಿಲ್ಲ, ಯಾವುದೂ ಸಾಯಲೂ ಇಲ್ಲ. ಮರುದಿನ ಬೆಳಿಗ್ಗೆ ಮತ್ತೆ ಹಾಗೆಯೇ ಆಯಿತು. ಮೂರನೆಯ ದಿನವೂ ಆಯಿತು. ಮೂರನೆಯ ದಿನ ಗಾಡಿಯ ಹಿಂದೆ ನಡೆಯುತ್ತಿದ್ದಾಗ ಅವಳಿಗೆ ಕಡಿತದ ಪುಸ್ತಕದ ತನ್ನ ಖಾಲಿ ಪುಟ ನೆನಪಾಯಿತು. ಎಂಟು ತಿಂಗಳಿಂದ ಯಾವ ಪ್ರಾಣಿಯೂ ತನ್ನನ್ನು ಕಚ್ಚಿಲ್ಲ. ಸಾಯಲು ಹೊರಟವರನ್ನು ಯಾರು ತಾನೆ ಕಚ್ಚುತ್ತಾರೆ? ಅವಳು ಒಂದು ಪಂಜರದ ಸರಳು ಹಿಡಿದು ನಿಂತಳು. ಒಳಗಿನ ನಾಯಿ ತಿರುಗಿ ನೋಡಲಿಲ್ಲ.

ಹೇಳಿದರೆ ನಗುತ್ತಾರೆ, ಹೇಳದಿದ್ದರೆ ಎದೆ ಒಡೆಯುತ್ತದೆ. ಯಾರಿಗೂ ಹೇಳದೆ ಅವಳು ಮನುಷ್ಯರ ಆಸ್ಪತ್ರೆಗೆ ಹೋಗಿ ರಕ್ತ ಕೊಟ್ಟು, ಎಕ್ಸ್‌ರೇಗೆ ಎದೆ ಒಡ್ಡಿ, ಸ್ಕ್ಯಾನಿಂಗಿಗೆ ಮಲಗಿ ಬಂದಳು. ವರದಿಗೆ ನಾಲ್ಕು ದಿನ ಕಾಯಬೇಕು. ಆ ನಾಲ್ಕು ದಿನ ತಮ್ಮನ ಮನೆಯಲ್ಲಿ ಅವಳು ಮಾಡಿದ್ದನ್ನು ನೋಡಿದವರು ಯಾರೂ ಅನುಮಾನ ಪಡದಿದ್ದದ್ದೇ ಆಶ್ಚರ್ಯ. ತನ್ನ ಸೀರೆಗಳನ್ನು ಮಡಿಸಿ ತಮ್ಮನ ಹೆಂಡತಿಗೆ ಕೊಟ್ಟಳು. ತಮ್ಮನ ಮಗಳಿಗೆ ಬ್ಯಾಂಡೇಜ್ ಕಟ್ಟುವುದು ಕಲಿಸಿದಳು. ಊಟಕ್ಕೆ ಕೂತಾಗ ತಮ್ಮನ ಮುಖವನ್ನೇ ನೋಡುತ್ತಿದ್ದಳು. ತಾನಿಲ್ಲದೆ ಈ ದಡ್ಡ ಏನು ಮಾಡುತ್ತಾನೆ? ಜ್ವರ ಬಂದರೆ ಮಾತ್ರೆ ನುಂಗದೆ ನಾಯಿಗೆ ಹಾಕುವಂಥವನು.

"ಯಾಕಕ್ಕ ಹಾಗೆ ನೋಡ್ತಿದೀಯ? ಸಣ್ಣಗಾಗಿ ಚೆನ್ನಾಗಿ ಕಾಣ್ತೀನಾ?" ಎಂದು ಅವನು ಎದ್ದು ನಿಂತು ಬೆಲ್ಟು ತೋರಿಸಿದ. "ನೋಡು, ಹೊಸ ತೂತು ಹೊಡೆಸಿದೀನಿ. ಪ್ಯಾಂಟು ನಿಲ್ತಾನೇ ಇಲ್ಲ."

"ಕೂತ್ಕೊಂಡು ತಿನ್ನೋ," ಎಂದಳು ಸೂಜಕ್ಕ. ಅವಳ ಮನಸ್ಸು ವರದಿಯ ಮೇಲಿತ್ತು.

ವರದಿ ಕೊಟ್ಟ ಡಾಕ್ಟರಮ್ಮ ನಕ್ಕರು. "ನಿಮ್ಮ ರಕ್ತ ನನ್ನ ರಕ್ತಕ್ಕಿಂತ ಚೆನ್ನಾಗಿದೆ ಕಣ್ರೀ. ಯಾರು ಹೆದರಿಸಿದ್ದು ನಿಮ್ಮನ್ನ?"

ನಾಯಿಗಳು ಎಂದು ಹೇಳುವುದಾದರೂ ಹೇಗೆ? ಮೆಟ್ಟಿಲಿಳಿದು ಬೀದಿಗೆ ಬಂದು ಅಲ್ಲೇ ಕಟ್ಟೆಯ ಮೇಲೆ ಕೂತು, ಬಿಸಿಲಲ್ಲಿ, ಅಳು ನಿಲ್ಲುವ ತನಕ ಅತ್ತಳು. ಮರುದಿನ ಬೆಳಿಗ್ಗೆ ನಾಯಿಗಳಿಗೆ ಬೈಯಬೇಕೆಂದೇ ವಾರ್ಡಿಗೆ ಹೋದಳು. ತಮ್ಮ ಗಾಡಿ ತಳ್ಳಿಕೊಂಡು ಹಿಂದೆಯೇ ಬಂದ. ಮೊದಲ ಪಂಜರದ ನಾಯಿ ತಿರುಗಿತು, ಎರಡನೆಯದು ತಿರುಗಿತು. ಅವಳ ವರದಿಯನ್ನು ನಾಯಿಗಳು ಓದಿರಲಿಲ್ಲ, ಅಥವಾ ಓದಿದ ಡಾಕ್ಟರಮ್ಮನಿಗೇ ಓದಲು ಬಂದಿರಲಿಲ್ಲ. ಎರಡರಲ್ಲಿ ಯಾವುದನ್ನು ನಂಬುವುದೋ ತಿಳಿಯದೆ ಆ ವಾರವೆಲ್ಲ ಅವಳು ರಾತ್ರಿ ಕಣ್ಣು ಮುಚ್ಚಲಿಲ್ಲ.

ಮುಂದಿನ ವಾರ ತಮ್ಮ ಎರಡು ದಿನ ರಜೆ ಹಾಕಿ ಹೆಂಡತಿ ಮಗಳ ಜೊತೆ ಮಾವನ ಮನೆಗೆ ಹೋದ. ಬದಲಿಗೆ ಬಂದ ಡ್ರೈವರ್ ನಿಯಮದ ಮನುಷ್ಯ. ವ್ಯಾನು ನಿಲ್ಲಿಸಿದ ಮೇಲೆ ಕೈ ಕಟ್ಟಿ ನಿಲ್ಲುವನು, ಮಾತೂ ಆಡನು. ಮೊದಲ ದಿನವೇ, ವಾರ್ಡಿನ ಸುತ್ತಿಗೂ ಮುಂಚೆ, ಕಾರಿನ ಇಂಜಿನ್ನಿನೊಳಗೆ ಬೆಕ್ಕು ಸಿಕ್ಕಿಕೊಂಡಿದೆ ಎಂದು ಕರೆ ಬಂತು. ಸೂಜಕ್ಕ ಒಬ್ಬಳೇ ಬಗ್ಗಿ, ಬೆಲ್ಟಿಗೆ ಸಿಕ್ಕ ಅದರ ಕಾಲನ್ನು ಬಿಡಿಸಿ ಹೊರಗೆಳೆದಳು. ಬೆಕ್ಕು ಒಂದು ಗಳಿಗೆ ಸುಮ್ಮನಿದ್ದು, ತಿರುಗಿ, ಅವಳ ಹೆಬ್ಬೆರಳಿಗೆ ಹಲ್ಲು ಇಳಿಸಿತು. ಉಗುರಿನ ಪಕ್ಕದಲ್ಲಿ ಹೊಕ್ಕ ಹಲ್ಲು ಆಚೆಗೆ ಬಂತು.

ಸೂಜಕ್ಕ ನಕ್ಕಳು. ರಕ್ತ ಮೊಣಕೈ ತನಕ ಇಳಿಯುತ್ತಿದೆ, ಬೆಕ್ಕು ಇನ್ನೂ ಬೆರಳಿಗೆ ಜೋತು ಬಿದ್ದಿದೆ, ಇವಳು ನಗುತ್ತಿದ್ದಾಳೆ. ಕೈ ಕಟ್ಟಿ ನಿಂತಿದ್ದವನು ಕೈ ಬಿಟ್ಟು ಎರಡು ಹೆಜ್ಜೆ ಹಿಂದೆ ಸರಿದ. ಅವಳಿಗೆ ಅದರ ಪರಿವೆಯಿಲ್ಲ. ಕಚ್ಚಿತಲ್ಲ! ಒಂಬತ್ತು ತಿಂಗಳ ಮೇಲೆ ಒಂದು ಪ್ರಾಣಿ ತನ್ನನ್ನು ಬದುಕಿರುವವಳು ಎಂದು ಕಚ್ಚಿತಲ್ಲ!

ಬೆರಳಿಗೆ ಪಟ್ಟಿ ಸುತ್ತಿ, ಇಂಜೆಕ್ಷನ್ ಚುಚ್ಚಿಸಿಕೊಂಡು ನೇರ ಆಫೀಸಿನ ಕಿಟಕಿಗೆ ಹೋದಳು. ಗುಮಾಸ್ತ ಪುಸ್ತಕ ಬಿಚ್ಚಿದ.

"ಹೋಯ್ತಾ ಕೈಗುಣ? ನಾನು ನಮ್ಮ ಮಾವನಿಗೆ ಹೇಳಿಬಿಟ್ಟಿದ್ದೆ. ಸರಿ, ಹೇಳಿ. ಕಚ್ಚಿದ್ದು?"

"ಬೆಕ್ಕು."

"ಎಲ್ಲಿಗೆ?"

"ಬಲಗೈ ಹೆಬ್ಬೆರಳು."

"ಹಿಡಿದವರು ಯಾರು?"

"ಇವತ್ತು ಯಾರೂ ಇರಲಿಲ್ಲ. ನನ್ನ ತಮ್ಮ ರಜೆ..."

ಗುಮಾಸ್ತ ಪೆನ್ನು ಹಿಡಿದು ಕಾಯುತ್ತಿದ್ದ. ಸೂಜಕ್ಕನ ಕಣ್ಣು ಆ ಕಾಲಂನ ಮೇಲೆ ನೆಟ್ಟಿತ್ತು. ಹಿಡಿದವರು ಯಾರು? ಕಾವಲು ನಾಯಿಯ ತಲೆಯನ್ನು ಪಕ್ಕೆಗೆ ಒತ್ತಿಕೊಂಡವರು ಯಾರು? ಕೋತಿ ಸವರಿದ್ದು ಯಾರ ಅಂಗಿಯನ್ನು? ಒಂಬತ್ತು ತಿಂಗಳು ಪ್ರತಿಯೊಂದು ಮೂಗೂ ಒತ್ತಿಕೊಂಡಿದ್ದದ್ದು ಅವಳ ಮೈಗಲ್ಲ. ಖಾಲಿ ಪುಟ ಅವಳದ್ದಾಗಿತ್ತು ಎಂದು ಅವಳು ತನ್ನನ್ನೇ ನೋಡಿಕೊಂಡಿದ್ದಳು. ಅವನಿಗೆ ಪುಟವೇ ಇರಲಿಲ್ಲವಲ್ಲ.

"ಸೂಜಕ್ಕ? ಯಾರು ಅಂತ ಬರೀಲಿ?"

ಅವಳು ವಾರ್ಡಿನ ಕಡೆ ನಡೆದಳು, ಆಮೇಲೆ ಓಡಿದಳು. ಬಾಗಿಲು ತಳ್ಳಿ ಒಬ್ಬಳೇ ಒಳಗೆ ಕಾಲಿಟ್ಟಳು. ಇಪ್ಪತ್ತನಾಲ್ಕು ಪಂಜರದ ನಾಯಿಗಳೂ ಸರಳಿಗೆ ಬಂದು ಬಿದ್ದವು. ಬೊಗಳಿದವು, ಕುಣಿದವು, ಬಾಲದಿಂದ ತಗಡು ಬಡಿದವು. ಕುಂಟಜ್ಜ ಸರಳಿನ ನಡುವೆ ಮೂತಿ ತೂರಿಸಿ ಅವಳ ಬೆರಳಿನ ಪಟ್ಟಿ ನೆಕ್ಕಿತು. ಅಷ್ಟೊಂದು ಪ್ರೀತಿಯ ಗಲಾಟೆಯ ನಡುವೆ ಸೂಜಕ್ಕ ಒದ್ದೆ ಸಿಮೆಂಟಿನ ಮೇಲೆ ಕೂತುಬಿಟ್ಟಳು. ತನ್ನ ಸಾವಿಗೆ ಅವಳು ಇಷ್ಟು ಹೆದರಿರಲಿಲ್ಲ.

ಊರಿಂದ ತಮ್ಮ ಬಂದ ಬೆಳಿಗ್ಗೆ ಅವಳು ವಾರ್ಡಿನ ಬಾಗಿಲಲ್ಲೇ ನಿಂತಳು.

"ನೀನು ಹೋಗು. ನಾನು ಇಲ್ಲೇ ಇರ್ತೀನಿ."

"ಯಾಕೆ, ಬೆಕ್ಕು ಕಾಲಿಗೂ ಕಚ್ಚಿದೆಯಾ? ಒಂದಿನ ನಾನಿಲ್ಲ ಅಂದ್ರೆ ನೋಡು ನಿನ್ನ ಅವಸ್ಥೆ. ಅದಕ್ಕೇ ಹೇಳೋದು, ಈ ಆಸ್ಪತ್ರೆ ನಡೀತಿರೋದೇ ನನ್ನಿಂದ..." ಗಾಡಿ ತಳ್ಳಿಕೊಂಡು ಅವನು ಹೋದ. ಮಾವನ ಮನೆಯ ಮಂಚ, ಮಾವನ ಗೊರಕೆ, ಬಸ್ಸಿನಲ್ಲಿ ಕಿಟಕಿಗೆ ಜಗಳ, ಎಲ್ಲವನ್ನೂ ನಾಯಿಗಳಿಗೆ ಹೇಳುತ್ತಾ ನಡೆದ. ಅವಳು ಎಣಿಸುತ್ತಿದ್ದಳು. ಒಂದು ಬೆನ್ನು, ಎರಡು ಬೆನ್ನು. ಆರನೆಯ ಪಂಜರದ ಹತ್ತಿರ ಅವನ ದನಿ ಸಣ್ಣದಾಯಿತು. ಅವನೂ ಇದೇ ಪಂಜರಗಳ ನಡುವೆ ಬೆಳೆದವನು, ಅವನಿಗೂ ಕಂಪೌಂಡರ್ ಹೇಳಿದ್ದರು. ಒಂಬತ್ತನೆಯದರ ಹತ್ತಿರ ಅವನ ಮಾತು ಅರ್ಧದಲ್ಲಿ ನಿಂತುಹೋಯಿತು. ಆ ಬಾಯಿ ಮಾತಿನ ನಡುವೆ ನಿಂತದ್ದನ್ನು ಇಪ್ಪತ್ತೆಂಟು ವರ್ಷದಲ್ಲಿ ಅವಳು ಕೇಳಿದ್ದು ಅದೇ ಮೊದಲು. ಚಕ್ರವೂ ನಿಂತಿತು. ಕೊನೆಯಲ್ಲಿ ಕುಂಟಜ್ಜ ಸರಳಿಗೆ ಒರಗಿ ಮೆಲ್ಲಗೆ ತಿರುಗುವ ಉಗುರಿನ ಸದ್ದು ಬಾಗಿಲ ತನಕ ಕೇಳಿಸಿತು.

"ಅಕ್ಕ," ಎಂದ ಅವನು, ಹಿಂದೆ ತಿರುಗದೆ. "ಇದು ಗೋಡೆ ಅಲ್ವಾ?"

"ಗಾಡಿ ಅಲ್ಲೇ ಬಿಡು. ವ್ಯಾನ್ ತೆಗಿ."

ವ್ಯಾನು ನೇರ ಮನುಷ್ಯರ ಆಸ್ಪತ್ರೆಗೆ ಹೋಯಿತು. ಸ್ಕ್ಯಾನಿಂಗಿನ ಡಾಕ್ಟರ್ ಪರದೆಯನ್ನು ಬಹಳ ಹೊತ್ತು ನೋಡಿದರು. ಬಲಗಡೆಯ ಮೂತ್ರಪಿಂಡದಲ್ಲಿ ಗಡ್ಡೆಯಿತ್ತು. ಒಳ್ಳೆಯ ಜಾತಿಯದಲ್ಲ.

"ನೋವಿತ್ತಾ?"

"ಇಲ್ಲ ಸಾರ್."

"ಮೂತ್ರದಲ್ಲಿ ರಕ್ತ?"

"ಅದೂ ಇಲ್ಲ."

"ಮತ್ತೆ ಹೇಗ್ರೀ ಬಂದ್ರಿ? ಇಂಥದ್ದು ಹರಡೋ ತನಕ ಯಾರಿಗೂ ಗೊತ್ತಾಗಲ್ಲ."

ಅಕ್ಕ ತಮ್ಮ ಮುಖ ಮುಖ ನೋಡಿಕೊಂಡರು. "ಬೆಲ್ಟು ಸಡಿಲ ಆಗಿತ್ತು ಸಾರ್," ಎಂದ ತಮ್ಮ.

ವಾರದೊಳಗೆ ಆ ಮೂತ್ರಪಿಂಡವನ್ನೇ ತೆಗೆದರು. ಆಪರೇಷನ್ನಿನ ದಿನ ತಮ್ಮನ ಹೆಂಡತಿ ಸೂಜಕ್ಕನ ಕೈ ಹಿಡಿದು, "ಅತ್ತಿಗೆ, ಉಳೀತಾರಾ?" ಎಂದು ಕೇಳಿದಾಗ, ಸಾವಿರ ಪ್ರಾಣಿಗಳ ಯಜಮಾನರಿಗೆ ಉತ್ತರ ಹೇಳಿದ್ದವಳು ಅವಳ ಸೆರಗು ಸರಿಪಡಿಸತೊಡಗಿದಳು. ಮೂರು ತಿಂಗಳು ಅವನು ಮನೆಯಲ್ಲಿದ್ದ. ಡಾಕ್ಟರು ಸದ್ಯಕ್ಕೆ ಎಲ್ಲ ಹೋಗಿದೆ ಎಂದರು. ಆ 'ಸದ್ಯಕ್ಕೆ' ಎಂಬ ಮಾತನ್ನು ಸೂಜಕ್ಕ ಮನೆಗೆ ಹೊತ್ತು ತಂದಳು.

ಅವನು ಕೆಲಸಕ್ಕೆ ಬಂದ ಬೆಳಿಗ್ಗೆ ಡಾಕ್ಟರ್, ಗುಮಾಸ್ತ, ಅಡುಗೆಯವರು, ಯಾರೂ ಕರೆಯದಿದ್ದರೂ, ವಾರ್ಡಿನ ಬಾಗಿಲಲ್ಲಿ ಸೇರಿದ್ದರು. ಅವನು ಗಾಡಿ ಇಲ್ಲದೆ, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನಡೆದ. ಮೊದಲ ನಾಯಿ ಎದ್ದು ಮೂಗು ಅಲುಗಿಸಿತು. ಕೂರಲಿಲ್ಲ, ತಿರುಗಲೂ ಇಲ್ಲ, ಸುಮ್ಮನೆ ನೋಡಿತು. ಅವನು ಮುಂದೆ ಹೋದ. ಬೊಗಳು ಎಲ್ಲಿಂದಲೂ ಬರಲಿಲ್ಲ. ಕೊನೆಯ ಪಂಜರದ ಹತ್ತಿರ ಬಗ್ಗಿ, "ಏನಜ್ಜ, ನಂದು ಇನ್ನೂ ಇದೆಯೋ ಮುಗೀತೋ?" ಎಂದು ಸರಳಿನೊಳಗೆ ಕೈ ಚಾಚಿದ. ಕುಂಟಜ್ಜ ಆ ಕೈಯನ್ನು ಮೂಸಿತು. ಅಂಗಿಯ ಅಂಚನ್ನು ಮೂಸಿತು. ಎಷ್ಟು ಹೊತ್ತು ಮೂಸಿತೆಂದರೆ ಬಾಗಿಲಲ್ಲಿದ್ದ ಡಾಕ್ಟರ್ ಒಂದು ಹೆಜ್ಜೆ ಒಳಗಿಟ್ಟರು. ಆಮೇಲೆ ತನ್ನ ಅನ್ನದ ತಟ್ಟೆಯ ಹತ್ತಿರ ಕೈ ಯಾಕೆ ತಂದೆ ಎನ್ನುವ ಹಾಗೆ ಗುರ್ ಎಂದು ಅವನ ತೋರುಬೆರಳನ್ನು ಕಚ್ಚಿತು.

"ಅಯ್ಯಯ್ಯೋ! ಅಕ್ಕ, ಕಚ್ತು! ಕಚ್ತು ಕಣೇ!" ಎಂದು ಅವನು ರಕ್ತ ತೊಟ್ಟಿಕ್ಕುವ ಬೆರಳನ್ನು ಬಹುಮಾನ ಬಂದವನ ಹಾಗೆ ಎತ್ತಿ ಹಿಡಿದು ಓಡಿಬಂದ. ಅಷ್ಟು ಹೊತ್ತು ತಡೆದುಕೊಂಡಿದ್ದ ಬಾಯಿ ಬಿಚ್ಚಿಕೊಂಡಿತು, ಹಿಂದೆಯೇ ವಾರ್ಡೆಲ್ಲ ಬೊಗಳತೊಡಗಿತು.

ಸೂಜಕ್ಕ ಅವನನ್ನು ಆಫೀಸಿನ ಕಿಟಕಿಗೆ ಎಳೆದುಕೊಂಡು ಹೋಗಿ, ಪುಸ್ತಕದಲ್ಲಿ ಅವನ ಹೆಸರಿಗೆ ಹೊಸ ಪುಟ ತೆಗೆಯಲು ಹೇಳಿದಳು.

"ಡ್ರೈವರ್‌ಗೆ ಪುಟ ಕೊಡೋ ಹಾಗಿಲ್ವಲ್ಲ ಸೂಜಕ್ಕ, ನಿಯಮ..."

"ನಿಯಮ ನಾನು ನೋಡ್ಕೋತೀನಿ. ನೀವು ಬರೀರಿ."

ಗುಮಾಸ್ತ ಬರೆದ. ಅದಾಗಿ ಎರಡು ವರ್ಷ. ತಮ್ಮ ಈಗಲೂ ವ್ಯಾನು ಓಡಿಸುತ್ತಾನೆ, ತಲೆ ತಿನ್ನುತ್ತಾನೆ, ಮಂಡಿಯೂರಿ ಪ್ರಾಣಿಗಳನ್ನು ಪಕ್ಕೆಗೆ ಅವುಚಿಕೊಳ್ಳುತ್ತಾನೆ. ಆರು ತಿಂಗಳಿಗೊಮ್ಮೆ ಸ್ಕ್ಯಾನಿಂಗ್ ಮಾಡಿಸುತ್ತಾನೆ. ಅವನ ಪುಟದಲ್ಲಿ ಹನ್ನೊಂದು ಕಡಿತಗಳಿವೆ. ಒಂದೊಂದು ಬಿದ್ದಾಗಲೂ ಸೂಜಕ್ಕ ಆ ಸಂಜೆ ಹೊಟ್ಟೆ ತುಂಬ ಉಂಡು ಮಲಗುತ್ತಾಳೆ. ಉಳಿದ ದಿನಗಳಲ್ಲಿ, ಮನೆಗೆ ಹೊರಡುವ ಮುಂಚೆ, ಗುಮಾಸ್ತ ಎದ್ದು ಹೋದ ಮೇಲೆ, ಕಿಟಕಿಯಿಂದ ಕೈ ಹಾಕಿ ಆ ಪುಸ್ತಕ ತೆಗೆದು ಕೊನೆಯ ತಾರೀಖಿನಿಂದ ಬೆರಳು ಮಡಿಸಿ ಎಣಿಸುತ್ತಾಳೆ. ಹಿಂದಿನ ಹನ್ನೊಂದರಲ್ಲಿ ಯಾವ ಎರಡರ ನಡುವೆಯೂ ಎರಡೂವರೆ ತಿಂಗಳಿಗಿಂತ ಹೆಚ್ಚು ಅಂತರವಿಲ್ಲ.

ಇವತ್ತಿಗೆ ನೂರ ನಾಲ್ಕು ದಿನವಾಯಿತು.